ಹಿಂದಕ್ಕೆ ಎಸೆದ ತುಂಡು: ಅಂಜುಬುರುಕಿ ಕೆಂಪಿಗೆ ಮನೆ ಸಿಕ್ಕ ಬಗೆ

ಬೀದಿನಾಯಿ ಕೆಂಪಿ ಹೋದ ತಿಂಗಳು ಮನೆ ಸೇರಿದಳು. ಹದಿನಾಲ್ಕು ತಿಂಗಳು ನಮ್ಮ ನಾಯಿ ಶೆಲ್ಟರಿನ ಕೆನಲ್‌ನಲ್ಲಿ, ಅಂದರೆ ಕಂಬಿಯ ಗೂಡಿನಲ್ಲಿ, ಇದ್ದವಳು. "ಇವಳು ಇಲ್ಲೇ ಮುದುಕಿ ಆಗೋದು, ಆ ಕೆನಲ್ ಖಾಲಿ ಆಗಲ್ಲ ಬಿಡಿ" ಎಂದವರು ಹೊರಗಿನವರಲ್ಲ, ಬೆಂಗಳೂರಿನಲ್ಲಿ ವರ್ಷಗಟ್ಟಲೆ ಇದೇ ಕೆಲಸ ಮಾಡಿದವರು. ಕೊನೆಗೆ ಹಿಡಿದ ದಾರಿಯಲ್ಲಿ ಹದಿಮೂರು ವಾರಕ್ಕೆ ಕೆಲಸ ಆಯಿತು. ಲೀಶ್ (ನಾಯಿಯನ್ನು ಹಿಡಿದು ನಡೆಸುವ ಹಗ್ಗ) ಹಾಕುವುದು, ನಾಯಿಯ ಮೈ ನೋಡಿ ಮನಸ್ಸು ತಿಳಿಯುವುದು ನಿಮಗೆ ಗೊತ್ತೇ ಇರುತ್ತದೆ. ಹಾಗಾಗಿ ಎಲ್ಲಿ ಕೆಟ್ಟಿತು, ಯಾಕೆ ಕೆಟ್ಟಿತು ಎಂಬುದನ್ನೇ ಹೆಚ್ಚು ಬರೆಯುತ್ತೇನೆ.

ಮೊದಲು ಒಂದು ಮಾತು. ಅಂಜುವ ಬೀದಿನಾಯಿಗಳಿಗೆಲ್ಲ ಮನೆ ಹುಡುಕಬೇಕಿಲ್ಲ. ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು ಎಂದು 2023ರ ಎಬಿಸಿ (ಪ್ರಾಣಿಗಳ ಸಂತಾನ ನಿಯಂತ್ರಣ) ನಿಯಮಗಳು ಹೇಳುತ್ತವೆ. ಮನುಷ್ಯರಿಂದ ಹತ್ತು ಮಾರು ದೂರ ಇದ್ದುಕೊಂಡು ತನ್ನ ಬೀದಿಯಲ್ಲಿ ನೆಮ್ಮದಿಯಾಗಿರುವ ನಾಯಿಗೆ ಅದೇ ಸರಿ. ಕೆಂಪಿಯ ವಿಷಯ ಬೇರೆ. ಹಿಂಗಾಲು ಮುರಿದು ಬಂದವಳು, ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು, ಬೇರೆ ನಾಯಿಗಳು ಅಟ್ಟಿದರೆ ಓಡಲಾರಳು. ಅವಳಿದ್ದ ಖಾಲಿ ಸೈಟಿನಲ್ಲಿ ಕಟ್ಟಡವೂ ಎದ್ದಿತ್ತು. ಹಲ್ಲು ನೋಡಿದರೆ ಎರಡು ವರ್ಷ, ತೂಕ 14 ಕೆಜಿ. ಮರಿಗಳು ಮನುಷ್ಯರಿಗೆ ಒಗ್ಗುವ ಕಾಲ ಹುಟ್ಟಿದ ಮೂರನೇ ವಾರದಿಂದ ಹನ್ನೆರಡು, ಹದಿನಾಲ್ಕನೇ ವಾರದವರೆಗೆ. ಆಗ ಇವಳನ್ನು ಯಾರೂ ಮುಟ್ಟಿದಂತಿರಲಿಲ್ಲ. ಕೆನಲ್ ಬಾಗಿಲು ತೆರೆದರೆ ಹಿಂದಿನ ಮೂಲೆಗೆ ಅಂಟಿಕೊಂಡು ಗೋಡೆಗೆ ಮುಖ ಮಾಡುತ್ತಿದ್ದಳು, ಅಲ್ಲೇ ಮೂತ್ರ ಮಾಡಿಕೊಳ್ಳುತ್ತಿದ್ದಳು.

ಮೊದಲ ಹನ್ನೊಂದು ತಿಂಗಳು ನಾವು ಮಾಡಿದ್ದೆಲ್ಲ ತಪ್ಪು. ದೊಡ್ಡ ತಪ್ಪು, ನೋವನ್ನು ಹೆದರಿಕೆ ಎಂದುಕೊಂಡದ್ದು. ಕಾಲು ವಾಸಿಯಾಗಿದೆ ಎಂದು ಬಿಟ್ಟುಬಿಟ್ಟಿದ್ದೆವು. ವೈದ್ಯರು ಹತ್ತು ದಿನ ನಾಯಿಗೆಂದೇ ಇರುವ ನೋವಿನ ಔಷಧ, ಮೆಲೋಕ್ಸಿಕ್ಯಾಮ್, ಕೊಟ್ಟು ನೋಡೋಣ ಎಂದರು. ಐದನೇ ದಿನಕ್ಕೇ ಮೂಲೆ ಬಿಟ್ಟು ಎರಡಡಿ ಮುಂದೆ ಮಲಗಿದಳು. ರಕ್ತ ಪರೀಕ್ಷೆ ಮಾಡಿಸಿದರೆ ಪ್ಲೇಟ್‌ಲೆಟ್ ಕಡಿಮೆ, ಉಣ್ಣೆ ಕಚ್ಚಿ ಬರುವ ಟಿಕ್ ಫೀವರ್. 28 ದಿನ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್, ಯಾವಾಗಲೂ ಊಟದ ಜೊತೆ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ, ಆಮೇಲೆ ನೀವು ಕೊಡುವ ತಿಂಡಿಯ ಮೇಲೇ ಅನುಮಾನ ಶುರುವಾಗುತ್ತದೆ. ಅಂಜುವ ನಾಯಿ ಎಂದು ಹಣೆಪಟ್ಟಿ ಹಚ್ಚುವ ಮೊದಲು ರಕ್ತ, ಹಲ್ಲು, ಸೊಂಟ, ಕಿವಿ ಈ ನಾಲ್ಕನ್ನು ನೋಡಿಸಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಮಾತ್ರ ಬೇಡವೇ ಬೇಡ.

ಎರಡನೇ ತಪ್ಪು ಕೈಯಲ್ಲಿ ತಿನ್ನಿಸಿದ್ದು. ಇದನ್ನು ಎಲ್ಲರೂ ಮಾಡುತ್ತಾರೆ, ವಿಡಿಯೊದಲ್ಲಿ ನೋಡಲೂ ಚೆನ್ನಾಗಿರುತ್ತದೆ. ನಾಯಿ ಬಂದು ಕೈಯಿಂದ ತಿಂದಿತು ಎಂದು ನಾವು ಹಿಗ್ಗುತ್ತೇವೆ. ಅದರ ಹಿಂಗಾಲು ನೋಡಬೇಕು. ಹಿಂಗಾಲನ್ನು ಅಲ್ಲೇ ಊರಿ, ಮೈಯನ್ನು ಬಿಲ್ಲಿನಂತೆ ಎಳೆದು, ಮೂತಿ ಮಾತ್ರ ಮುಂದೆ ಚಾಚಿದ್ದರೆ ಅದು ನಂಬಿಕೆಯಲ್ಲ. ತಿಂಡಿ ಮುಂದಕ್ಕೆ ಎಳೆಯುತ್ತಿದೆ, ಭಯ ಹಿಂದಕ್ಕೆ ಜಗ್ಗುತ್ತಿದೆ. ತುಂಡು ಬಾಯಿಗೆ ಬಿದ್ದ ಕೂಡಲೇ ಎಳೆತ ಮುಗಿಯಿತು, ಉಳಿದದ್ದು ಭಯ ಮಾತ್ರ. ಮನುಷ್ಯನಿಗೆ ಇಷ್ಟು ಹತ್ತಿರ ಇದ್ದೇನೆ ಎಂದು ಆಗ ಅದಕ್ಕೆ ಗೊತ್ತಾಗುತ್ತದೆ. ಕೆಂಪಿ ಹಾಗೇ ಒಮ್ಮೆ ತಿನ್ನಿಸುತ್ತಿದ್ದವರ ಬೆರಳಿಗೆ ಹಲ್ಲು ತಾಗಿಸಿದಳು. ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು, ಮುಂಚಿತ ರೇಬೀಸ್ ಲಸಿಕೆ ಪೂರ್ತಿ ಆಗಿದ್ದರಿಂದ ಅಂದು ಒಂದು, ಮೂರನೇ ದಿನ ಒಂದು ಬೂಸ್ಟರ್. ಆ ಲಸಿಕೆ ಆಗದವರನ್ನು ನಾವು ಇಂಥ ಕೆನಲ್ ಒಳಗೆ ಬಿಡುವುದೇ ಇಲ್ಲ. ಅವಳು ಮಾತ್ರ ಎರಡು ವಾರ ಹಿಂದಕ್ಕೆ ಹೋದಳು.

ಸರಿಹೋದದ್ದು ಜಾಗದಿಂದ. ಸಾಲಿನ ನಡುವಿದ್ದ ಕೆನಲ್‌ನಿಂದ ಕೊನೆಯದಕ್ಕೆ ಬದಲಿಸಿದೆವು. ಅವಳಿಗೆ ಅಡಗಿಕೊಳ್ಳಲೆಂದು 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ ಒಂದನ್ನು ಗುಜರಿಯಿಂದ ಸುಮಾರು 700 ರೂಪಾಯಿಗೆ ತಂದೆ. ಕೆಮಿಕಲ್ ತುಂಬಿದ್ದ ಡ್ರಮ್ ಬೇಡ, ಅಡುಗೆ ಎಣ್ಣೆಯದೋ ಜ್ಯೂಸಿನದೋ ಕೇಳಿ ತನ್ನಿ. ವಾಷಿಂಗ್ ಸೋಡ ಹಾಕಿ ಎರಡು ದಿನ ನೆನೆಸಿ ತೊಳೆಯಿರಿ. ಮೊದಲು ಒಂದೇ ಕಡೆ ಬಾಯಿ ಕೊರೆದದ್ದು ನನ್ನ ತಪ್ಪು. ಅವಳಿಗೆ ಅದು ಬಿಲವಾಗದೆ ಬೋನಾಯಿತು. ಒಳಗಿದ್ದಾಗ ಯಾರಾದರೂ ಬಾಯಿಗೆ ಅಡ್ಡ ಬಂದರೆ ಹೊರಬರಲು ದಾರಿಯಿಲ್ಲ, ಗುರ್ ಎನ್ನುತ್ತಿದ್ದಳು. ತಳವನ್ನೂ ಕೊಯ್ದು ಸುರಂಗ ಮಾಡಿದ ಮೇಲೆ ಗುರ್ ಎನ್ನುವುದು ನಿಂತಿತು. ಕೊಯ್ದ ಅಂಚಿಗೆ ತೋಟದ ನೀರಿನ ಪೈಪನ್ನು ಉದ್ದಕ್ಕೆ ಸೀಳಿ ಸಿಕ್ಕಿಸಿದರೆ ಮೈ ಗೀರುವುದಿಲ್ಲ. ಉರುಳದಂತೆ ಎರಡೂ ಬದಿಗೆ ಇಟ್ಟಿಗೆ, ಒಳಗೆ ಗೋಣಿಚೀಲ. ಸುರಂಗವನ್ನು ಬಾಗಿಲಿಗೆ ನೇರವಾಗಿ ಇಡಬೇಡಿ, ಅಡ್ಡಲಾಗಿ ಇಡಿ. ಹೊರಗೆ ನೋಡಬೇಕೆಂದರೆ ಅವಳೇ ತಲೆ ಹೊರಹಾಕಬೇಕು. ಆ ತಲೆ ಹಾಕುವುದೇ ಮೊದಲ ಹೆಜ್ಜೆ. ಗೇಟಿನ ಕೆಳಗಿನ ಎರಡಡಿಗೆ ಗೋಣಿತಟ್ಟು ಕಟ್ಟಿದ್ದರಿಂದ ಓಡಾಡುವವರ ಕಾಲು ಕಾಣುವುದೂ ನಿಂತಿತು.

ಇನ್ನು ತಿಂಡಿ. ಕೋಳಿ ಲಿವರ್ ಬೇಯಿಸಿ, ಕಡಲೆಕಾಳಿನಷ್ಟು ಹೆಚ್ಚಿ, ಸಣ್ಣ ಉರಿಯಲ್ಲಿ ಒಣಗಿಸಿ ಫ್ರಿಜ್‌ನಲ್ಲಿಡುವುದು. ದಿನಕ್ಕೆ 25–30 ಗ್ರಾಂ ಮೀರಬಾರದು, ಮೀರಿದರೆ ಭೇದಿ. ಬೇಯಿಸುವಾಗ ನಾನು ಇನ್ನೊಂದು ಪದಾರ್ಥ ಹಾಕುತ್ತೇನೆ, ಅದರ ವಾಸನೆಗೆ ಮೂರು ಕೆನಲ್ ಆಚೆಯ ನಾಯಿಯೂ ಏಳುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದು ಕೈಜೋಡಿಸಿದವರಿಗೆ ತೋರಿಸಿದ್ದೇನೆ. ಹಸಿವಿಗೆ ಕೆಡವಿ ಪಳಗಿಸುವುದು ಬೇಡ. ದಿನದ ಊಟ ಪೂರ್ತಿ ಬಟ್ಟಲಿನಲ್ಲಿ ಸಿಗಲೇಬೇಕು.

ಮೊದಲ ಹತ್ತು ದಿನ ಯಾರೂ ಕೆನಲ್ ಮುಂದೆ ನಿಲ್ಲಲಿಲ್ಲ. ಹಾದುಹೋಗುವವರು ನಾಲ್ಕೈದು ತುಂಡು ಎಸೆದು, ಅವಳತ್ತ ನೋಡದೆ ಹಾಗೇ ನಡೆದುಬಿಡುವುದು, ದಿನಕ್ಕೆ ಎಂಟು ಹತ್ತು ಸಲ. ಎಸೆಯಬೇಕಾದ್ದು ಅವಳ ಮುಂದಲ್ಲ, ಹಿಂದಿನ ಗೋಡೆಯ ಬಳಿ. ಜನ ನಂಬದೇ ಇದ್ದದ್ದು ಇದನ್ನೇ. ಹತ್ತಿರ ಬರಬೇಕಾದ ನಾಯಿಯನ್ನು ದೂರ ಕಳಿಸುತ್ತೀರಲ್ಲ ಎಂದರು. ಆಮೇಲೆ ಒಳಗೆ ಹೋಗಿ, ಬಾಗಿಲ ಚಿಲಕ ಹಾಕಿ, ಸುರಂಗದಿಂದ ಆದಷ್ಟು ದೂರದ ಮೂಲೆಯಲ್ಲಿ ಪಕ್ಕಕ್ಕೆ ತಿರುಗಿ ಕೂತಾಗಲೂ ಅದೇ ಕ್ರಮ. ತುಂಡು ಅವಳ ಬೆನ್ನ ಹಿಂದೆ ಬೀಳುತ್ತದೆ, ತಿನ್ನಲು ನನ್ನಿಂದ ದೂರ ಹೋಗುತ್ತಾಳೆ, ಎದೆಬಡಿತ ಇಳಿಯುತ್ತದೆ. ತಿಂದಾದ ಮೇಲೆ ಇನ್ನೇನಿದೆ ಎಂದು ತಾನಾಗಿ ತಿರುಗಿ ಅರ್ಧ ಹೆಜ್ಜೆ ಬರುತ್ತಾಳೆ. ಬಂದ ಕೂಡಲೇ ಮತ್ತೆ ಹಿಂದಕ್ಕೆ ಎಸೆತ. ಆ ಅರ್ಧ ಹೆಜ್ಜೆಗೆ ಯಾವ ಆಮಿಷವೂ ಇಲ್ಲ, ಅವಳ ಸ್ವಂತ ನಿರ್ಧಾರ. ಒಂದು ಸಲಕ್ಕೆ ಐದೇ ನಿಮಿಷ, ಚೆನ್ನಾಗಿ ನಡೆಯುತ್ತಿರುವಾಗಲೇ ಎದ್ದುಬರಬೇಕು. ಎಷ್ಟು ಸಲ ತಿರುಗಿ ಬಂದಳು, ಎಷ್ಟು ಅಡಿವರೆಗೆ ಬಂದಳು, ಎರಡನ್ನೇ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆವು. ನೆನಪಿರುವಷ್ಟು ಹೇಳುವುದಾದರೆ ಮೊದಲ ದಿನ ಸೊನ್ನೆ, ಎರಡನೇ ವಾರದ ಕೊನೆಗೆ ಆರು ಸಲ, ಐದಡಿವರೆಗೆ. ಐದನೇ ವಾರ ನನ್ನ ಮೊಣಕಾಲು ಮೂಸಿದಳು. ಆಗಲೂ ಕೈ ಚಾಚಲಿಲ್ಲ, ತುಂಡು ಹಿಂದಕ್ಕೇ ಹೋಯಿತು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಹಳೆಯ ಫೋನ್ ಒಂದನ್ನು ಕಂಬಿಗೆ ಕಟ್ಟಿ ರಾತ್ರಿಯಿಡೀ ರೆಕಾರ್ಡ್ ಮಾಡಿದಾಗ ನಮ್ಮ ಕಣ್ಣು ತೆರೆಯಿತು. ಮೂಲೆಯಿಂದ ಅಲ್ಲಾಡದವಳು ಬೆಳಗಿನ ಜಾವ ಎರಡರಿಂದ ನಾಲ್ಕರ ನಡುವೆ ಹಗ್ಗದ ತುಂಡನ್ನು ಮೇಲಕ್ಕೆ ಎಸೆದು ಆಡುತ್ತಿದ್ದಳು! ಬೆಳಿಗ್ಗೆ ಪೈಪಿನಲ್ಲಿ ನೀರು ಹೊಡೆದು ತೊಳೆದ ಮೇಲೆ ಎರಡು ಗಂಟೆ ಲಿವರನ್ನೂ ಮುಟ್ಟುತ್ತಿರಲಿಲ್ಲ ಎಂಬುದೂ ಅದರಲ್ಲೇ ಗೊತ್ತಾಯಿತು. ಪೈಪ್ ಬಿಟ್ಟು ಬಕೆಟ್ಟು ಪೊರಕೆಗೆ ಬಂದೆವು, ಅಭ್ಯಾಸವನ್ನು ಸಂಜೆ ಆರೂವರೆಯ ನಂತರಕ್ಕೆ ಹಾಕಿದೆವು. ಅದೊಂದರಿಂದಲೇ ಎರಡು ವಾರ ಉಳಿಯಿತು ಎಂದು ನನ್ನ ಲೆಕ್ಕ. ಆಕಾಶವಾಣಿ ಸಣ್ಣಗೆ ಹಾಕಿಟ್ಟರೆ ಹೊರಗಿನ ಸದ್ದಿಗೆ ಬೆಚ್ಚುವುದು ಕಡಿಮೆಯಾಯಿತು. ಒಣಮೀನು ಲಿವರಿಗಿಂತ ಇಷ್ಟ, ಆದರೆ ಉಪ್ಪು ಹೆಚ್ಚು. ರಾತ್ರಿಯಿಡೀ ನೆನೆಸಿ ನೀರು ಚೆಲ್ಲಿದರೂ ನನಗೆ ಸಮಾಧಾನವಾಗಲಿಲ್ಲ, ಬಿಟ್ಟೆ.

ಮನುಷ್ಯರೆಂದರೆ ಪ್ರಾಣ ಬಿಡುವ ಶಾಂತ ಗಂಡುನಾಯಿ ಒಂದಿದ್ದರೆ ಅರ್ಧ ಕೆಲಸ ಅದೇ ಮಾಡುತ್ತದೆ. ನಮ್ಮ ಕರಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎದೆ ಕೆರೆಯುತ್ತಿದ್ದರೆ ಕೆಂಪಿ ಸುರಂಗದಿಂದ ನೋಡುತ್ತಿದ್ದಳು. ಇದರಲ್ಲೂ ಒಂದು ಅಪಾಯ ಇದೆ. ಮೂರನೇ ವಾರಕ್ಕೆ ಅವನಿಲ್ಲದೆ ಹೊರಗೇ ಬರದಂತಾದಳು. ಮೂರು ದಿನ ಅವನೊಂದಿಗೆ, ಒಂದು ದಿನ ಒಬ್ಬಳೇ ಎಂದು ಬದಲಿಸಿದ ಮೇಲೆ ಸರಿಯಾಯಿತು.

ಲೀಶಿಗೆ ಹಿಡಿದದ್ದು ನಾಲ್ಕು ವಾರ. ಕೊರಳಿಗೆ ಒಮ್ಮೆಲೇ ಜಗ್ಗು ಬಿದ್ದರೆ ಬೀದಿನಾಯಿ ಮೊಸಳೆಯಂತೆ ಉರುಳುತ್ತದೆ, ಅಲ್ಲಿಗೆ ತಿಂಗಳ ಕೆಲಸ ನೀರುಪಾಲು. ಮೊದಲು ಕೊರಳಪಟ್ಟಿಗೆ ಒಂದಡಿ ಹತ್ತಿಹಗ್ಗ, ನಾವು ಎದುರಿಗಿದ್ದಾಗ ಮಾತ್ರ, ಅವಳೇ ಎಳೆದುಕೊಂಡು ಓಡಾಡಲಿ. ಆಮೇಲೆ ಹಗ್ಗದ ತುದಿ ಹಿಡಿದು ಎರಡು ಸೆಕೆಂಡು, ತೊಟ್ಟಿಲ ಹಗ್ಗ ಹಿಡಿದಷ್ಟು ಹಗುರಾಗಿ. ಅವಳ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಸರಿದರೂ ಸಾಕು, ಕೂಡಲೇ ಸಡಿಲ, ತುಂಡು. ಹಾರ್ನೆಸ್ (ಕೊರಳಿಗಲ್ಲದೆ ಮೈಗೆ ಹಾಕುವ ಪಟ್ಟಿ) ಕಳಚಿಕೊಳ್ಳದ ಮೂರು ಪಟ್ಟಿಯದೇ ಬೇಕು, ಮೂರನೆಯದು ಪಕ್ಕೆಲುಬು ಮುಗಿದ ಮೇಲೆ ಸೊಂಟದ ಸಣ್ಣ ಜಾಗದಲ್ಲಿ ಕೂರಬೇಕು. ಎರಡು ಪಟ್ಟಿಯದನ್ನು ನಾಯಿ ಹಿಂದಕ್ಕೆ ಜಾರಿ ಎರಡೇ ಸೆಕೆಂಡಿನಲ್ಲಿ ಕಳಚಿಕೊಳ್ಳುತ್ತದೆ. ಅಂಗಡಿಯಲ್ಲಿ ಎರಡು ಸಾವಿರದ ಮೇಲೆ. ಬ್ಯಾಗ್ ರಿಪೇರಿ ಮಾಡುವವರ ಬಳಿ ಒಂದಂಗುಲದ ನೈಲಾನ್ ಪಟ್ಟಿಯಲ್ಲಿ ಹೊಲಿಸಿದ್ದಕ್ಕೆ 350 ಆಯಿತು. ಹಾರ್ನೆಸ್‌ಗೆ ಒಂದು ಲೀಶ್, ಎಳೆದಾಗ ಮಿತಿಯಷ್ಟೇ ಬಿಗಿಯುವ ಮಾರ್ಟಿಂಗೇಲ್ ಕೊರಳಪಟ್ಟಿಗೆ ಇನ್ನೊಂದು, ಎರಡೂ ನಿಮ್ಮ ಸೊಂಟದ ಬೆಲ್ಟಿಗೆ.

ದುಡ್ಡಿನ ಲೆಕ್ಕ ನೆನಪಿನಿಂದ ಕೊಡುತ್ತೇನೆ. ಉಪಯೋಗಕ್ಕೆ ಬಂದದ್ದು ರಕ್ತ ಪರೀಕ್ಷೆ 2,800, ಔಷಧ 900, ಡ್ರಮ್ 700, ಹಾರ್ನೆಸ್ ಮತ್ತು ಪಟ್ಟಿ 600, ತಿಂಡಿ 1,500, ಹೆಚ್ಚುಕಡಿಮೆ ಆರೂವರೆ ಸಾವಿರ. ದಂಡವಾದದ್ದು ವಾಸನೆಯಿಂದ ನಾಯಿಯನ್ನು ಶಾಂತಗೊಳಿಸುತ್ತದೆ ಎನ್ನುವ ಫೆರೋಮೋನ್ ಕೊರಳಪಟ್ಟಿ 3,000, ಮೈಗೆ ಬಿಗಿಯುವ ಜಾಕೆಟ್ 1,900, ತರಬೇತುದಾರರೊಬ್ಬರ ನಾಲ್ಕು ಪಾಠಕ್ಕೆ 6,000. ಅವರು ಅವಳನ್ನು ಎಳೆದು ಹೊರತಂದು ಜನರ ನಡುವೆ ನಿಲ್ಲಿಸಿದರು. ಅಲ್ಲಾಡದೆ ನಿಂತಳು, ಪಳಗಿದಳು ಎಂದರು. ಅದು ಪಳಗಿದ್ದಲ್ಲ, ಸೆಟೆದು ನಿಂತದ್ದು. ಅಂದು ರಾತ್ರಿ ನೀರೂ ಕುಡಿಯಲಿಲ್ಲ.

ಫೋಟೊಗಳನ್ನು ಕೆನಲ್ ಒಳಗೆ ತೆಗೆಯಬೇಡಿ. ಕರಿಯನ ಜೊತೆ ಹುಲ್ಲಿನ ಮೇಲೆ, ಬೆಳಗಿನ ಬಿಸಿಲಿನಲ್ಲಿ, ನೆಲಕ್ಕೆ ಮಲಗಿ ಅವಳ ಕಣ್ಣಿನ ಮಟ್ಟದಿಂದ ತೆಗೆದ ಮೂವತ್ತು ಸೆಕೆಂಡಿನ ವಿಡಿಯೊಗೆ ಏಳು ಫೋನ್ ಬಂದವು. ಹಿಂದಿನ ಒಂದು ವರ್ಷದಲ್ಲಿ ಒಂದೂ ಬಂದಿರಲಿಲ್ಲ. ಅವಳು ಅಂಜುತ್ತಾಳೆ, ಮುಟ್ಟಿಸಿಕೊಳ್ಳಲು ತಿಂಗಳುಗಳೇ ಬೇಕು ಎಂದು ಮೊದಲ ಸಾಲಿನಲ್ಲೇ ಬರೆದೆವು. ಏಳರಲ್ಲಿ ಇಬ್ಬರು ಉಳಿದರು. ಈಗಿನ ಮನೆಯವರು ನಾಲ್ಕು ಸಲ ಬಂದರು, ಮೊದಲ ಎರಡು ಸಲ ಹಿಂದಕ್ಕೆ ತುಂಡು ಎಸೆದು ಹೋದದ್ದಷ್ಟೇ. ಮೂರನೇ ಸಲ ಅವಳೇ ಸುರಂಗದಿಂದ ಪೂರ್ತಿ ಹೊರಬಂದಳು.

ಮನೆಗೆ ಕಳಿಸುವಾಗ ಡ್ರಮ್ಮು, ತೊಳೆಯದ ಗೋಣಿಚೀಲ ಎರಡನ್ನೂ ಜೊತೆಗೇ ಕಳಿಸಿದೆವು. ಹಾಲ್ ಬೇಡ, ಸಣ್ಣ ಕೋಣೆ. ಅವಳಿಗೂ ರಸ್ತೆಗೂ ನಡುವೆ ಯಾವಾಗಲೂ ಎರಡು ಮುಚ್ಚಿದ ಬಾಗಿಲು. ಮೂರು ವಾರ ಬೀದಿ ಸುತ್ತಾಟ ಇಲ್ಲ, ಮೂತ್ರಕ್ಕೆ ಟೆರೇಸಿನಲ್ಲಿ ಮಣ್ಣು ಹಾಕಿದ ಟ್ರೇ, ಅಲ್ಲೂ ಎರಡು ಲೀಶ್. ನೆಂಟರು ಯಾರೂ ಬಂದು ನೋಡುವಂತಿಲ್ಲ. ದೀಪಾವಳಿಗೆ ವೈದ್ಯರು ಮಾತ್ರೆ ಬರೆದುಕೊಟ್ಟಿದ್ದರೆ ಒಂದು ವಾರ ಮೊದಲೇ ಒಮ್ಮೆ ಕೊಟ್ಟು ನೋಡಿರಬೇಕು, ಹಬ್ಬದ ರಾತ್ರಿಯೇ ಮೊದಲ ಸಲ ಆಗಬಾರದು. ಮಂಪರು ತರಿಸುವ ಅಸೆಪ್ರೊಮಜೀನ್ ಒಂದನ್ನೇ ಕೊಟ್ಟರೆ ಮೈ ಮಾತ್ರ ಸೋಲುತ್ತದೆ, ಭಯ ಒಳಗೇ ಇರುತ್ತದೆ, ಬೇರೆ ಯಾವುದಾದರೂ ಇದೆಯೇ ಎಂದು ಕೇಳಿ. ಅಕಸ್ಮಾತ್ ತಪ್ಪಿಸಿಕೊಂಡರೆ ಹೆಸರು ಕೂಗಿಕೊಂಡು ಹಿಂದೆ ಓಡಬಾರದು. ತಪ್ಪಿಸಿಕೊಂಡ ಜಾಗದಲ್ಲೇ ಆ ಗೋಣಿಚೀಲ ಹಾಸಿ, ಲಿವರ್ ಇಟ್ಟು, ದೂರದಲ್ಲಿ ಅವಳಿಗೆ ಬೆನ್ನು ಮಾಡಿ ಕೂರಬೇಕು. ಮನೆಯವರಿಗೆ ಇದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದೇನೆ, ಅವರು ಬಾಗಿಲ ಹಿಂದೆ ಅಂಟಿಸಿಕೊಂಡಿದ್ದಾರೆ.