ತೊಟ್ಟಿಮನೆಯ ಬೆಳಕಿನಲ್ಲಿ ರಾಗಿಮುದ್ದೆಯ ಚಿತ್ರ: ನನ್ನ ಅನುಭವ

ಹಾಸನ ಸೀಮೆಯ ಅಡುಗೆಗಳ ಪುಸ್ತಕಕ್ಕೆ ಚಿತ್ರ ತೆಗೆದುಕೊಡಲು ಒಪ್ಪಿಕೊಂಡಾಗ, ಮುಖಪುಟದಲ್ಲಿ ರಾಗಿಮುದ್ದೆ ಮತ್ತು ಬಸ್ಸಾರೇ ಇರಬೇಕೆಂದು ಹಠ ಹಿಡಿದವನು ನಾನು. ಕಪ್ಪು ಮುದ್ದೆ, ಕಂದು ಸಾರು ಅಚ್ಚಿನಲ್ಲಿ ಏಳುವುದಿಲ್ಲ, ದೋಸೆಯ ಚಿತ್ರ ಹಾಕೋಣ ಎಂದು ಪ್ರಕಾಶಕರೂ ಮುದ್ರಕರೂ ಒಂದೇ ದನಿಯಲ್ಲಿ ಹೇಳಿದ್ದರು. ಇಂದು ಮುಖಪುಟದಲ್ಲಿರುವುದು ಮುದ್ದೆಯೇ.

ಮೊದಲ ಸಲ ಬೆಂಗಳೂರಿನಿಂದ ಎರಡು ಸಾಫ್ಟ್‌ಬಾಕ್ಸ್ (ಬೆಳಕನ್ನು ಮೃದುವಾಗಿ ಹರಡುವ ದೀಪದ ಪೆಟ್ಟಿಗೆ) ಬಾಡಿಗೆಗೆ ತಂದು ಎರಡು ದಿನ ದುಡಿದೆ. ಬಾಡಿಗೆ, ಸಾಗಣೆ, ದಿನಸಿ ಎಲ್ಲ ಸೇರಿ ಸುಮಾರು 18,000 ರೂಪಾಯಿ ಖರ್ಚಾಯಿತು. 11 ಅಡುಗೆಗಳಲ್ಲಿ ಬಳಕೆಗೆ ಬಂದದ್ದು ಎರಡು ಮಾತ್ರ. ಎದುರಿನಿಂದ ಬಿದ್ದ ಬೆಳಕಿನಲ್ಲಿ ಮುದ್ದೆ ಹೊಳೆಯ ಗುಂಡುಕಲ್ಲಿನಂತೆ ಏರಿಳಿತವಿಲ್ಲದೆ ಕಂಡಿತು, ಸಾರಿನ ಮೇಲೆ ದೀಪದ ಚೌಕ ಬಿಳುಪು ಹಾಗೇ ಮೂಡಿತ್ತು. ಹೊಳಪಿಗೆಂದು ಗ್ಲಿಸರಿನ್ ಸವರಿದ್ದರಿಂದ ಆ ಮುದ್ದೆಗಳನ್ನು ಯಾರೂ ಉಣ್ಣುವಂತಿರಲಿಲ್ಲ. ಆ ನೋವು ಹಣದ ನಷ್ಟಕ್ಕಿಂತ ದೊಡ್ಡದು, ಅಂದಿನಿಂದ ನಾನು ಗ್ಲಿಸರಿನ್ ಮುಟ್ಟಿಲ್ಲ.

ಎರಡನೆಯ ಸಲ ದೊಡ್ಡಮ್ಮನ ತೊಟ್ಟಿಮನೆಗೆ ಹೋದೆ. ತೊಟ್ಟಿಯ ಮೇಲಿನ ಬಯಲಿನಿಂದ ಇಳಿಯುವ ಬೆಳಕು ಜಗಲಿಯ ಮೇಲಿಟ್ಟ ತಟ್ಟೆಗೆ ಹಿಂದಿನಿಂದ, ತುಸು ಎಡಕ್ಕೆ ಓರೆಯಾಗಿ ಬೀಳುವಂತೆ ಮಣೆಯನ್ನು ತಿರುಗಿಸಿ, ಬೆಳಕು ಮರಳಿ ತಟ್ಟೆಯ ಮೇಲೆ ಬೀಳಲೆಂದು ಎದುರಿಗೆ ಒಂದು ಸಣ್ಣ ಥರ್ಮೋಕೋಲ್ ಹಲಗೆಯನ್ನಷ್ಟೇ ನಿಲ್ಲಿಸಿದೆ. ಆಗ ಮುದ್ದೆಯ ಮೈಮೇಲೆ ದೊಡ್ಡಮ್ಮನ ಅಂಗೈ ಒತ್ತಿದ ಗುರುತು, ತುಪ್ಪ ಇಳಿದ ಜಾಡು ಎರಡೂ ಎದ್ದು ಬಂದವು. ಡಿಸೆಂಬರಿನ ಚಳಿಯಲ್ಲಿ, ಬೆಳಿಗ್ಗೆ ಏಳರ ಸುಮಾರಿಗೆ, ಹಿನ್ನೆಲೆಗೆ ಕರಿ ಕಂಬಳಿ ಇಳಿಬಿಟ್ಟಾಗ ಹಬೆ ತಾನಾಗಿಯೇ ಬೆಳ್ಳಗೆ ಕಂಡಿತು.

ಸಮಯವೇ ದೊಡ್ಡ ಸಮಸ್ಯೆ. "ಮುದ್ದೆ ಕಾಯಾಕಿಲ್ಲ ಕಣಪ್ಪ, ನೀನೇ ಕಾಯ್ಬೇಕು" ಎಂದರು ದೊಡ್ಡಮ್ಮ. ನಾಲ್ಕು ನಿಮಿಷಕ್ಕೆ ಮೈ ಒಣಗಿ ಬಿರುಕು ಬಿಡುವುದರಿಂದ, ಹಿಂದಿನ ದಿನದ ತಂಗಳು ಮುದ್ದೆಯನ್ನಿಟ್ಟು ಚೌಕಟ್ಟು, ಫೋಕಸ್, ಎಕ್ಸ್‌ಪೋಷರ್ (ಕ್ಯಾಮೆರಾದೊಳಗೆ ಬಿಡುವ ಬೆಳಕಿನ ಅಳತೆ) ಎಲ್ಲವನ್ನೂ ನಿಗದಿ ಮಾಡಿಕೊಂಡು, ಬಿಸಿ ಮುದ್ದೆ ಬಂದೊಡನೆ ಬದಲಿಸುತ್ತಿದ್ದೆ. ಸಾರಿನ ಬಟ್ಟಲಿನೊಳಗೆ ಒಂದು ಪುಟ್ಟ ಬಟ್ಟಲನ್ನು ಬೋರಲು ಹಾಕಿದರೆ ಕಾಳು ಮುಳುಗುವುದಿಲ್ಲ. ಒಗ್ಗರಣೆಯನ್ನು ಕ್ಲಿಕ್ಕಿಗೆ ಅರ್ಧ ನಿಮಿಷ ಮೊದಲು ಹಾಕಬೇಕು. ಹೀಗೆ ಒಂದು ಚಿತ್ರಕ್ಕೆ ಒಂಬತ್ತು ಹತ್ತು ಮುದ್ದೆ ಬೇಕಾದವು, ಎಲ್ಲವನ್ನೂ ಮನೆಯವರೇ ಉಂಡರು.

ನಡುವೆ ಬಾಳೆಯೆಲೆಯ ಮೇಲೂ ಮುದ್ದೆಯಿಟ್ಟು ನೋಡಿದೆ. ಎಲೆಯ ಹಸಿರು ಪ್ರತಿಫಲಿಸಿ ಮುದ್ದೆಯ ಅಡಿಭಾಗ ಪಾಚಿ ಹಿಡಿದಂತಾಯಿತು. ಒಣಗಿದ ಮುತ್ತುಗದ ಎಲೆಯಲ್ಲಿ ಆ ತೊಂದರೆಯಿಲ್ಲ. ಕೊನೆಗೆ ಕಂಚಿನ ತಟ್ಟೆಯನ್ನೇ ಆರಿಸಿದೆ. ಅದರ ಕಣ್ಣು ಕುಕ್ಕುವ ಹೊಳಪನ್ನು ತಗ್ಗಿಸಲು ಹುಣಸೆಹಣ್ಣಿನ ಜೊತೆ ಏನು ಸೇರಿಸಿ ತಿಕ್ಕಿದೆನೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಹೊಳಪಿಲ್ಲದ ಮ್ಯಾಟ್ ಕಾಗದ ಶಾಯಿ ಹೀರಿಕೊಳ್ಳುವುದರಿಂದ ಮೊದಲ ಪ್ರೂಫಿನಲ್ಲಿ (ಪರೀಕ್ಷೆಗೆಂದು ತೆಗೆದ ಅಚ್ಚಿನಲ್ಲಿ) ಮುದ್ದೆ ಮತ್ತೆ ಕಪ್ಪಾಯಿತು, ಸೊಪ್ಪಿನ ಹಸಿರು ನಾಲ್ಕು ಬಣ್ಣದ ಮುದ್ರಣದಲ್ಲಿ ಮಂಕಾಯಿತು. ನಡುಛಾಯೆಗಳನ್ನು (ತೀರ ಕಪ್ಪೂ ಅಲ್ಲದ, ತೀರ ಬಿಳಿಯೂ ಅಲ್ಲದ ಭಾಗಗಳನ್ನು) ಪರದೆಯ ಮೇಲೆ ಅತಿಯೆನಿಸುವಷ್ಟು ಎತ್ತಿ, ಎರಡು ಪ್ರೂಫುಗಳಿಗೆ ಕೈಯಿಂದಲೇ ಸುಮಾರು 3,000 ರೂಪಾಯಿ ಕೊಟ್ಟೆ. ಮೂರನೆಯ ಪ್ರೂಫಿನಲ್ಲಿ ಹಬೆಯ ಎಳೆ ಕಡಿಯದೆ, ದೊಡ್ಡಮ್ಮನ ಅಂಗೈ ಗುರುತು ಅಳಿಯದೆ ಬಂದಿತ್ತು.