ಅಳತೆ ಟೇಪು ಹಿಡಿದು ಮಂಡಿ ಸರಿಮಾಡಿಕೊಂಡ ಕತೆ

ನಾನು ಮೈಸೂರಿನಲ್ಲಿ ಟೈಲರ್. ವಯಸ್ಸು 41. ಅಂಗಡಿ ಬಾಗಿಲು ಹಾಕಿದ ಮೇಲೆ ಬಡಾವಣೆಯ ಸಿಮೆಂಟ್ ಕೋರ್ಟಿನಲ್ಲಿ ಒಂದು ಗಂಟೆ ಶಟಲ್ ಆಡುವುದು ಹತ್ತು ವರ್ಷದ ಅಭ್ಯಾಸ. 2023ರ ಜನವರಿಯಲ್ಲಿ ಒಂದು ಸಂಜೆ, ಎಡಭುಜದ ಮೇಲಿಂದ ಹಿಂದಕ್ಕೆ ಹೋಗುತ್ತಿದ್ದ ಶಟಲ್ ಹೊಡೆಯಲು ಹಾರಿ ಎಡಗಾಲ ಮೇಲೆ ಇಳಿದೆ. ಪಾದ ನೆಲಕ್ಕೆ ಕಚ್ಚಿಕೊಂಡಿತು, ಮೈ ತಿರುಗಿತು. ಮಂಡಿಯೊಳಗೆ ‘ಟಪ್’ ಅಂತ ಸದ್ದು. ಮನೆ ಸೇರಿ ಸ್ನಾನಕ್ಕೆ ಹೋಗುವಷ್ಟರಲ್ಲಿ ಮಂಡಿ ತೆಂಗಿನಕಾಯಿ ಗಾತ್ರ ಆಗಿತ್ತು.

ಮೊದಲು ತೋರಿಸಿದ ಕಡೆ ಎಕ್ಸ್‌ರೇ ತೆಗೆದು, ಮೂಳೆಗೆ ಏನೂ ಆಗಿಲ್ಲ, ಬರೀ ಉಳುಕು ಅಂದು ಕ್ರೇಪ್ ಬ್ಯಾಂಡೇಜ್ ಕಟ್ಟಿ ಕಳಿಸಿದರು. ಮಂಡಿಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಲೂ ಇಲ್ಲ. ಎಕ್ಸ್‌ರೇಯಲ್ಲಿ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಕಟ್ಟುವ ಪಟ್ಟಿ, ಕಾಣುವುದೇ ಇಲ್ಲ ಅಂತ ನನಗೇನು ಗೊತ್ತು? ಹದಿನೈದು ದಿನಕ್ಕೆ ಊತ ಸುಮಾರು ಇಳಿಯಿತು, ಓಡಾಡಿಕೊಂಡಿದ್ದೆ. ಆಮೇಲೊಂದು ದಿನ ಅಂಗಡಿಯಲ್ಲಿ ಲೈನಿಂಗ್ ಬಟ್ಟೆಯ ಕಟ್ಟು ಎತ್ತಿಕೊಂಡು ಪಕ್ಕಕ್ಕೆ ತಿರುಗಿದೆ ಅಷ್ಟೇ, ಮಂಡಿ ಕೈಕೊಟ್ಟಿತು. ಬಿದ್ದೆ. ಆಗ ಬೇರೆ ಡಾಕ್ಟರು, ಎಂಆರ್‌ಐ. ಎಸಿಎಲ್, ಅಂದರೆ ಮಂಡಿಯನ್ನು ಒಳಗಿನಿಂದ ಹಿಡಿದಿಡುವ ಲಿಗಮೆಂಟ್, ಪೂರ್ತಿ ಹರಿದಿತ್ತು.

ಇವರು ತಕ್ಷಣ ಆಪರೇಷನ್ ಅನ್ನಲಿಲ್ಲ. ಮೊದಲು ಊತ ಇಳಿಯಬೇಕು, ಕಾಲು ಪೂರ್ತಿ ನೇರ ಆಗಬೇಕು, ಆಮೇಲೆ ನೋಡೋಣ ಅಂದರು. ಬಿಗಿದ ಮಂಡಿಗೆ ಆಪರೇಷನ್ ಮಾಡಿದರೆ ಆಮೇಲೂ ಬಿಗಿದೇ ಉಳಿಯುವ ಅಪಾಯ ಇದೆಯಂತೆ. ‘ದುಡ್ಡು ಕಟ್ಟೋಕೆ ನಾವು ರೆಡಿ, ಇವರೇ ಎಳೀತಾರೆ’ ಅಂತ ನಮ್ಮ ಭಾವನ ಗೊಣಗಾಟ. ಕೊನೆಗೆ ಮಾರ್ಚ್‌ನಲ್ಲಿ ಆಯಿತು. ತೊಡೆ ಹಿಂಭಾಗದ ಮಾಂಸಖಂಡದ ಹುರಿ ತೆಗೆದು ಹೊಸ ಲಿಗಮೆಂಟ್ ಮಾಡಿ ಕೂರಿಸಿದರು. ನನ್ನ ಭಾಷೆಯಲ್ಲಿ ಹೇಳಬೇಕಂದರೆ, ಅದೇ ಬಟ್ಟೆಯ ಅಂಚು ಕತ್ತರಿಸಿ ಹಾಕಿದ ತೇಪೆ.

ಫಿಸಿಯೋ ಮೇಡಂ ಮೊದಲ ದಿನವೇ ಒಂದು ಮಾತು ಹೇಳಿದರು. ‘ವ್ಯಾಯಾಮ ಮಾಡುವಾಗ ನೋವು ಎಷ್ಟಿತ್ತು ಅನ್ನೋದಕ್ಕಿಂತ ಮರುದಿನ ಬೆಳಿಗ್ಗೆ ಮಂಡಿ ಹೇಗಿದೆ ಅಂತ ಬಂದು ಹೇಳಿ ಸರ್.’ ನನಗೆ ಇದು ಒಳ್ಳೇದೇ ಆಯಿತು. ಅಳತೆ ತೆಗೆಯುವುದೇ ನನ್ನ ಕಸುಬಲ್ವಾ? ದಿನಾ ಎದ್ದ ಕೂಡಲೇ, ಹಾಸಿಗೆಯಲ್ಲೇ ಕಾಲು ಚಾಚಿ, ಮಂಡಿಚಿಪ್ಪಿನ ನಡುಮಧ್ಯಕ್ಕೆ ಟೇಪು ಸುತ್ತಿ ಬರೆದಿಡಲು ಶುರು ಮಾಡಿದೆ. ಬಲಮಂಡಿ 14½ ಇಂಚು. ಆಪರೇಷನ್ ಆದ ವಾರ ಎಡದ್ದು 16¼. ಇನ್ನೊಂದು ಅಳತೆ ತೊಡೆಯದು, ಚಿಪ್ಪಿನಿಂದ 4 ಇಂಚು ಮೇಲೆ ಪೆನ್ನಲ್ಲಿ ಗುರುತು ಹಾಕಿಕೊಂಡು. ಮಂಡಿ ಅಳತೆ ಇಳಿಯಬೇಕು, ತೊಡೆ ಅಳತೆ ಏರಬೇಕು. ಬ್ಲೌಸ್ ಪುಸ್ತಕದ ಕೊನೇ ಹಾಳೆಗಳೆಲ್ಲ ಇದೇ ಲೆಕ್ಕ.

ಟೇಪಿಗೆ ಸಿಗದ ಊತವೂ ಇರುತ್ತದೆ. ಅದನ್ನು ನೋಡುವುದು ಹೀಗೆ. ಕಾಲು ಸಡಿಲ ಬಿಟ್ಟು, ಚಿಪ್ಪಿನ ಒಳಮಗ್ಗುಲನ್ನು ಅಂಗೈಯಿಂದ ತೊಡೆಯ ಕಡೆಗೆ ಎರಡು ಮೂರು ಸಲ ಸವರಬೇಕು. ಅಲ್ಲಿದ್ದ ನೀರು ಮೇಲಕ್ಕೆ ಹೋಗುತ್ತದೆ. ಆಮೇಲೆ ಹೊರಮಗ್ಗುಲನ್ನು ಮೇಲಿಂದ ಕೆಳಕ್ಕೆ ಒಂದು ಸಲ ಸವರಿ, ಕಣ್ಣು ಒಳಮಗ್ಗುಲ ಗುಂಡಿಯ ಮೇಲೇ ಇರಬೇಕು. ಸಣ್ಣ ಅಲೆಯಂತೆ ಉಬ್ಬಿತೋ, ಒಳಗೆ ನೀರಿದೆ ಅಂತ ಅರ್ಥ. ಬೆಳಗಿನ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ. ಅಲೆ ದೊಡ್ಡದಿದ್ದರೆ ಅವತ್ತು ಹೊಸದೇನೂ ಮಾಡುತ್ತಿರಲಿಲ್ಲ, ಹಿಂದಿನ ದಿನದ್ದರಲ್ಲಿ ಅರ್ಧ.

ಮೊದಲ ಎರಡು ವಾರ ಬೇಜಾರಿನ ಕೆಲಸ. ಹಿಮ್ಮಡಿ ಕೆಳಗೆ ಬೆಡ್‌ಶೀಟ್ ಸುತ್ತಿಟ್ಟು ಹತ್ತು ನಿಮಿಷ ಮಂಡಿಯನ್ನು ತನ್ನ ಭಾರಕ್ಕೇ ಇಳಿಬಿಡುವುದು. ಮಂಡಿ ಕೆಳಗೆ ಟವೆಲ್ ಇಟ್ಟು ಒತ್ತುವುದು. ಒತ್ತು ಅಂದರೆ ತೊಡೆ ಕೇಳುವುದೇ ಇಲ್ಲ! ನನ್ನದೇ ತೊಡೆ, ನಾನೇ ಹೇಳುತ್ತಿದ್ದೇನೆ, ಅಲ್ಲಾಡುತ್ತಿಲ್ಲ. ಮಂಡಿ ಊದಿಕೊಂಡಿದ್ದರೆ ತೊಡೆಯ ಮಾಂಸಖಂಡ ತಾನಾಗಿ ಸುಮ್ಮನಾಗಿಬಿಡುತ್ತದೆ, ನಿಮ್ಮ ಸೋಮಾರಿತನ ಅಲ್ಲ ಅಂದರು ಮೇಡಂ. ಒಂಬತ್ತನೇ ದಿನ ಸಣ್ಣಗೆ ನಡುಗಿ ಬಿಗಿಯಾಯಿತು. ಮನೆಯವಳನ್ನು ಅಡುಗೆಮನೆಯಿಂದ ಕೂಗಿ ಕರೆದು ತೋರಿಸಿದೆ.

ಮೀನಖಂಡ ಊದಿ ಬಿಸಿಯಾಗಿ ನೋಯುವುದು, ಜ್ವರ, ಹೊಲಿಗೆಯಲ್ಲಿ ಕೀವು, ಉಸಿರು ಕಟ್ಟುವುದು, ಇವು ಬಂದರೆ ಮನೆಯಲ್ಲಿ ಕೂರಬೇಡಿ, ನೇರ ಆಸ್ಪತ್ರೆಗೆ ಅಂತ ಹೇಳಿದ್ದರು. ನೆಂಟರೊಬ್ಬರು ಎಣ್ಣೆ ಹಾಕಿ ಗಟ್ಟಿಯಾಗಿ ನೀವಿಸು ಅಂತ ಒತ್ತಾಯ ಮಾಡಿದಾಗ ನನಗೆ ನೆನಪಾಗಿದ್ದು ಅದೇ. ಮೀನಖಂಡದಲ್ಲಿ ರಕ್ತ ಗಡ್ಡೆ ಕಟ್ಟಿದ್ದರೆ ನೀವುವುದು ಅಪಾಯ.

ಮೂರನೇ ವಾರಕ್ಕೆ ಮತ್ತೆ ಮಷಿನ್ ಮುಂದೆ ಕೂತೆ. ಮೋಟಾರಿನ ಪೆಡಲ್ ಒತ್ತುವುದು ಬಲಗಾಲು, ಬಚಾವಾದೆ. ಆದರೆ ಎಡಗಾಲು ಇಳಿಬಿಟ್ಟು ನಾಲ್ಕು ಗಂಟೆ ಕೂತರೆ ಸಂಜೆಗೆ ಮುಕ್ಕಾಲು ಇಂಚು ಜಾಸ್ತಿ. ಪಕ್ಕದಲ್ಲೊಂದು ಸ್ಟೂಲು ಹಾಕಿ ಕಾಲು ಅದರ ಮೇಲಿಟ್ಟು, ಒಂದು ಬ್ಲೌಸ್ ಮುಗಿದ ಕೂಡಲೇ ಎದ್ದು ನಾಲ್ಕು ಹೆಜ್ಜೆ ಹಾಕುವುದು ಅಂತ ಮಾಡಿಕೊಂಡೆ.

ಉಳಿದ ಮೈಗೆ ಏನು ಮಾಡುವುದು? ಎರಡು ತಿಂಗಳಿಗೆ ನಾಲ್ಕು ಕೇಜಿ ಏರಿದ್ದೆ. ಕುರ್ಚಿಯಲ್ಲಿ ಕೂತು 5 ಕೇಜಿ ಡಂಬೆಲ್, ಗೋಡೆಗೆ ಪುಷ್‌ಅಪ್, ಆಮೇಲೆ ಕಟಿಂಗ್ ಟೇಬಲ್ಲಿಗೆ. ಪುಲ್‌ಅಪ್ ಮಾಡುತ್ತೇನೆ ಅಂದಾಗ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: ‘ಬಾರ್‌ನಿಂದ ಹೇಗೆ ಇಳೀತೀರಿ?’ ಹಾರುವುದೇ ತಾನೇ. ಆ ಆಸೆ ಅಲ್ಲಿಗೇ ಬಿಟ್ಟೆ. ಒಳ್ಳೆ ಕಾಲಿಗೂ ಬಿಡದೆ ವ್ಯಾಯಾಮ ಕೊಟ್ಟರು. ಒಂದು ಕಾಲನ್ನು ಪಳಗಿಸಿದರೆ ಮಲಗಿರುವ ಇನ್ನೊಂದು ಕಾಲಿನ ಶಕ್ತಿಗೂ ಸ್ವಲ್ಪ ಲಾಭ ಇದೆಯಂತೆ.

ಇದ್ದದ್ದರಲ್ಲಿ ನನಗೆ ತುಂಬಾ ಉಪಕಾರ ಮಾಡಿದ್ದು ಅಪ್ಪನ ಹಳೇ ಸೈಕಲ್. ಡಬಲ್ ಸ್ಟ್ಯಾಂಡ್ ಹಾಕಿದರೆ ಹಿಂದಿನ ಚಕ್ರ ನೆಲ ಬಿಟ್ಟು ಮೇಲೇಳುತ್ತದಲ್ಲ, ಅದೇ ನನ್ನ ಜಿಮ್. ಸೀಟು ಎತ್ತರಿಸಿ, ಹಿತ್ತಿಲ ಗೋಡೆ ಹಿಡಿದು ಕೂರುತ್ತಿದ್ದೆ. ಮೊದಲು ಪೆಡಲ್ ಪೂರ್ತಿ ಸುತ್ತುತ್ತಿರಲಿಲ್ಲ. ಮುಂದಕ್ಕೆ ಅರ್ಧ, ಹಿಂದಕ್ಕೆ ಅರ್ಧ, ತೊಟ್ಟಿಲು ತೂಗಿದ ಹಾಗೆ. ಐದನೇ ವಾರ ಒಂದು ಪೂರ್ತಿ ಸುತ್ತು ಬಂತು. ಭಾರ ಬೇಕೆನಿಸಿದಾಗ ಹಿಂದಿನ ಬ್ರೇಕನ್ನು ಚೂರು ಒತ್ತಿ ಹಿಡಿಯುವುದು. ಬೆವರು ಬಂದ ದಿನ ನಿದ್ದೆಯೂ ಬಂತು.

ತೊಂದರೆ ಶುರುವಾಗಿದ್ದು ಮಂಡಿ ಚೆನ್ನಾಗಿದೆ ಅನಿಸಿದ ಮೇಲೆ. ಹಾಕಿದ ಹುರಿಗೆ ಮೊದಮೊದಲು ರಕ್ತ ಓಡಾಟವೇ ಇರುವುದಿಲ್ಲ. ದೇಹ ಅದನ್ನು ಬಿಚ್ಚಿ ಹೊಸದಾಗಿ ನೇಯ್ದುಕೊಳ್ಳಬೇಕು, ಹಾಗಾಗಿ ಎರಡು ಮೂರು ತಿಂಗಳ ಹೊತ್ತಿಗೆ ಅದು ತುಂಬಾ ದುರ್ಬಲ. ನೋವು ಹೋಗಿರುವುದೂ ಅದೇ ಹೊತ್ತಿಗೆ. ಆ ಗಂಡಾಂತರ ದಾಟಿದೆ ಅಂತ ಬೀಗಿದ್ದು ನಾಲ್ಕನೇ ತಿಂಗಳಲ್ಲಿ. ಆಷಾಢ ಶುಕ್ರವಾರ, ಮನೆಯವರೆಲ್ಲ ಚಾಮುಂಡಿ ಬೆಟ್ಟಕ್ಕೆ ಹೊರಟರು. ಮೆಟ್ಟಿಲು ಹತ್ತಿಯೇಬಿಟ್ಟೆ. ನಂದಿ ಹತ್ತಿರ ಕೂತು ಸುಧಾರಿಸಿಕೊಂಡು ಮೇಲಕ್ಕೂ ಹೋದೆ, ಏನೂ ಆಗಲಿಲ್ಲ. ದರ್ಶನ ಮಾಡಿ ಬಸ್ಸಿನಲ್ಲಿ ಇಳಿದಿದ್ದರೆ ಮುಗಿದಿತ್ತು. ಬಸ್ಸಿಗೆ ಉದ್ದದ ಸಾಲು ಅಂತ ಮೆಟ್ಟಿಲಲ್ಲೇ ಇಳಿದೆ. ಹತ್ತುವಾಗ ತೊಡೆ ಮೈಯನ್ನು ಎತ್ತುತ್ತದೆ, ಇಳಿಯುವಾಗ ಬ್ರೇಕ್ ಹಿಡಿಯುತ್ತದೆ. ನನ್ನ ತೊಡೆ ಇನ್ನೂ ಒಂದೂಕಾಲು ಇಂಚು ಕಮ್ಮಿ ಇತ್ತು, ಸಾವಿರ ಮೆಟ್ಟಿಲಿಗೆ ಬ್ರೇಕ್ ಹಿಡಿಯುವ ಶಕ್ತಿ ಎಲ್ಲಿ? ಹೊಡೆತವೆಲ್ಲ ಮಂಡಿಗೇ ಬಿತ್ತು. ಮರುದಿನ ಟೇಪು 15½ ತೋರಿಸಿತು. ಮೂರು ವಾರ ಮತ್ತೆ ಬೆಡ್‌ಶೀಟು, ಟವೆಲ್ಲು. ಸದ್ಯ, ಲಿಗಮೆಂಟ್ ಗಟ್ಟಿಯಾಗಿಯೇ ಇತ್ತು.

ಆಟಕ್ಕೆ ಯಾವಾಗ ಅಂತ ಗೆಳೆಯರು ಕೇಳುತ್ತಲೇ ಇದ್ದರು. ಸ್ಪೇನಿನ ಬ್ಯಾಡ್ಮಿಂಟನ್ ಆಟಗಾರ್ತಿ ಕರೋಲಿನಾ ಮರಿನ್ 2019ರ ಜನವರಿಯಲ್ಲಿ ಬಲಮಂಡಿಯ ಎಸಿಎಲ್ ಹರಿದುಕೊಂಡು ಸೆಪ್ಟೆಂಬರಿನಲ್ಲಿ ಚೀನಾ ಓಪನ್ ಗೆದ್ದಳಲ್ಲ, ನಿನಗೇನು ಅಂತ. ಆಕೆಗೆ ದಿನವಿಡೀ ಅದೇ ಕೆಲಸ, ಸುತ್ತ ಒಂದು ತಂಡ. ನನಗೆ ದೀಪಾವಳಿ ಆರ್ಡರು. (ಆಕೆಯ ಅದೇ ಬಲಮಂಡಿ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಸೆಮಿಫೈನಲ್ಲಿನಲ್ಲಿ, ಗೆಲ್ಲುತ್ತಿದ್ದಾಗಲೇ ಮತ್ತೆ ಕೈಕೊಟ್ಟಿತು. ಟೀವಿ ಮುಂದೆ ಕೂತಿದ್ದವನು ಎದ್ದು ಹೊರಗೆ ಹೋದೆ.) 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆ ಮೇಡಂ ಹೇಳಿದ್ದರು. ಒಂಬತ್ತು ತಿಂಗಳವರೆಗೆ, ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಷ್ಟೂ ಮಂಡಿಗೆ ಮತ್ತೆ ಪೆಟ್ಟಾಗುವುದು ಸುಮಾರು ಅರ್ಧಕ್ಕೆ ಇಳಿಯುತ್ತಿತ್ತಂತೆ. ಅದಕ್ಕಿಂತ ಮುಂಚೆ ಕೇಳಲೇಬೇಡಿ, ಆಮೇಲೂ ಪರೀಕ್ಷೆ ಪಾಸಾಗಬೇಕು ಅಂದರು.

ಪರೀಕ್ಷೆ ಅಂದರೆ ಒಂಟಿಕಾಲಲ್ಲಿ ನೆಗೆದು, ಅದೇ ಕಾಲ ಮೇಲೆ ಅಲುಗದೆ ನಿಲ್ಲುವುದು. ಅಳೆಯುವುದಕ್ಕೆ ನನ್ನದೇ ಟೇಪು. ಎಂಟನೇ ತಿಂಗಳು ಬಲಗಾಲು 48 ಇಂಚು, ಎಡಗಾಲು 36. ನೂರಕ್ಕೆ 75. ಕನಿಷ್ಠ 90 ಬೇಕು. ಹನ್ನೊಂದನೇ ತಿಂಗಳು ಎಡ 45 ಬಂತು, ಖುಷಿಯಲ್ಲಿ ಹೊರಡಲು ನೋಡಿದರೆ ಬಲ 51 ಆಗಿತ್ತು. ಅಷ್ಟು ದಿನ ಒಳ್ಳೆ ಕಾಲೂ ಸೊರಗಿತ್ತು, ನಾವು ಸೊರಗಿದ ಕಾಲಿಗೆ ಹೋಲಿಸುತ್ತಿದ್ದೆವು. 51ಕ್ಕೆ 45, ಅಂದರೆ ನೂರಕ್ಕೆ 88. ಇನ್ನೊಂದು ತಿಂಗಳು ಮೆಟ್ಟಿಲು ಹತ್ತಿ ಇಳಿದು, ಒಂಟಿಕಾಲಲ್ಲಿ ಕುರ್ಚಿಯಿಂದ ಎದ್ದು ಕೂತು, 47 ಮುಟ್ಟಿಸಿದೆ.

ಈಗ ವಾರಕ್ಕೆ ಎರಡೇ ದಿನ ಆಟ, ಅದೂ ಡಬಲ್ಸ್. ಆಡುವ ಮುಂಚೆ ಹತ್ತು ನಿಮಿಷ ಎರಡೂ ಕಾಲಲ್ಲಿ ಹಾರಿ ಮೆತ್ತಗೆ, ಮಂಡಿ ಬಗ್ಗಿಸಿ, ಸದ್ದಿಲ್ಲದೆ ಇಳಿಯುವ ಅಭ್ಯಾಸ. ಚಪ್ಪಳಿಸಿದ ಸದ್ದು ಬಂದರೆ ಅವತ್ತು ಹಾರುವುದಿಲ್ಲ. ಎಡಗಡೆ ತಲೆ ಮೇಲಿಂದ ಹೋಗುವ ಶಟಲ್ ಬಂದರೆ ‘ನಿಂದು!’ ಅಂತ ಕೂಗಿಬಿಡುತ್ತೇನೆ. ಜೊತೆಗಾರ ಬೈದುಕೊಂಡೇ ಓಡುತ್ತಾನೆ.