ಗುಡ್ಡದ ಕಾಲುದಾರಿ ದುರಸ್ತಿಗೆ ಕೈಜೋಡಿಸುವುದು ಹೇಗೆ?

ಕೊಪ್ಪಳ, ಬಳ್ಳಾರಿ ಸೀಮೆಯ ಗುಡ್ಡಗಳಿಗೆ ಈಗ ಜನ ಜಾಸ್ತಿ. ಅಂಜನಾದ್ರಿಗೆ ಮೆಟ್ಟಿಲುಗಳಿವೆ, ಅಲ್ಲಿ ದಾರಿಯ ಚಿಂತೆಯಿಲ್ಲ. ಆದರೆ ಹಿರೇಬೆಣಕಲ್, ಆನೆಗುಂದಿ ಸುತ್ತಲಿನ ಬೆಟ್ಟಗಳು, ಸಂಡೂರಿನ ಕಾಡು, ಇಲ್ಲೆಲ್ಲ ದನ-ಕುರಿ ಕಾಯುವವರು ನಡೆದೂ ನಡೆದೂ ಮೂಡಿದ ಕಾಲುದಾರಿಯೇ ಗತಿ. ಈಗ ಅದರ ಮೇಲೆ ಚಾರಣಿಗರ ಶೂಗಳೂ ಓಡಾಡುತ್ತವೆ. ಮಳೆ ಬಂದಾಗ ನೀರೂ ಅದೇ ದಾರಿ ಹಿಡಿಯುತ್ತದೆ. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ದಾರಿ ಹೋಗಿ ಕೊರಕಲು ಆಗಿರುತ್ತದೆ. ಜನ ಪಕ್ಕದಲ್ಲೇ ಇನ್ನೊಂದು ದಾರಿ ತುಳಿಯುತ್ತಾರೆ. ಮುಂದೆ ಅದೂ ಕೊರಕಲು.

ಇದನ್ನು ಸರಿಮಾಡಲು ಎಂಜಿನಿಯರ್ ಬೇಕಿಲ್ಲ. ಹೊಲಕ್ಕೆ ಒಡ್ಡು ಹಾಕಿ ಗೊತ್ತಿರುವ ಒಬ್ಬರು ತಂಡದಲ್ಲಿದ್ದರೆ ಅರ್ಧ ಕೆಲಸ ಆದಂತೆಯೇ. ಕಾಲಿನ ದಾರಿಯಿಂದ ನೀರಿನ ದಾರಿಯನ್ನು ಬೇರೆ ಮಾಡಬೇಕು, ಅಷ್ಟೇ. ಉಳಿದದ್ದೆಲ್ಲ ಅದರ ಹಿಂದುಮುಂದಿನ ಕೆಲಸ.

ಮೊದಲು ಅರ್ಜಿ, ಆಮೇಲೆ ಗುದ್ದಲಿ

ಹುರುಪಿನಲ್ಲಿ ಸೀದಾ ಸಲಿಕೆ ಹಿಡಿದು ಗುಡ್ಡ ಹತ್ತಬೇಡಿ. ಜಾಗ ಯಾರ ಸುಪರ್ದಿಯಲ್ಲಿದೆ ಎಂದು ವಿಚಾರಿಸಿ. ಮೀಸಲು ಅರಣ್ಯವಾದರೆ ವಲಯ ಅರಣ್ಯಾಧಿಕಾರಿ ಕಚೇರಿ. ಕಂದಾಯ ಜಮೀನಾದರೆ ತಹಶೀಲ್ದಾರರು. ಸ್ಮಾರಕಗಳಿದ್ದರೆ ಪುರಾತತ್ವ ಇಲಾಖೆ. ಆನೆಗುಂದಿ ಕಡೆಯಾದರೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಒಪ್ಪಿಗೆಯೂ ಬೇಕಾಗುತ್ತದೆ. ಯಾವುದೇ ಇರಲಿ, ಊರಿನ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕಿವಿಗೆ ವಿಷಯ ಹಾಕಿರಿ.

ಅರ್ಜಿ ಒಂದೇ ಪುಟ ಸಾಕು. ಎಲ್ಲಿಂದ ಎಲ್ಲಿವರೆಗಿನ ದಾರಿ, ಎಷ್ಟು ಜನ, ಯಾವ ದಿನ, ಯಾವ ಸಾಮಾನು, ಏನು ಮಾಡುತ್ತೇವೆ, ಏನು ಮುಟ್ಟುವುದಿಲ್ಲ. ಕೊನೆಯ ಮಾತನ್ನು ಬಿಡಬೇಡಿ, ಅಧಿಕಾರಿಗಳು ಮೊದಲು ಓದುವುದೇ ಅದನ್ನು. ಒಬ್ಬ ಗಾರ್ಡ್ ಜೊತೆಗಿರಲಿ ಎಂದು ನೀವೇ ಕೇಳಿಕೊಂಡರೆ ಇನ್ನೂ ಒಳ್ಳೆಯದು.

ಜನ ಸಿಗುವುದಿಲ್ಲ ಎನ್ನುವವರು ಹತ್ತಿರದ ಕಾಲೇಜಿನ ಎನ್‌ಎಸ್‌ಎಸ್ ಘಟಕ ಕೇಳಿ ನೋಡಿ. ಆ ವಿದ್ಯಾರ್ಥಿಗಳು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು, 7 ದಿನದ ಶಿಬಿರ ಬೇರೆ ಇರುತ್ತದೆ. ಶಿಬಿರ ಎಂದರೆ ಗುಡಿ ಮುಂದೆ ಕಸ ಗುಡಿಸಿ ಫೋಟೊ ತೆಗೆಸಿಕೊಳ್ಳುವುದು ಎಂದಾಗಿರುವ ಕಡೆ ಇದು ನಿಜವಾದ ಕೆಲಸ.

ಹಿರೇಬೆಣಕಲ್‌ನಲ್ಲಿ ಕಲ್ಲು ಎತ್ತಬೇಡಿ

ಗಂಗಾವತಿ ಪಕ್ಕದ ಈ ಗುಡ್ಡದ ಮೇಲೆ ಸುಮಾರು 400 ಬೃಹತ್ ಶಿಲಾಯುಗದ ಸಮಾಧಿಗಳಿವೆ. ಊರವರು ಮೋರೇರ ಗುಡ್ಡ ಎನ್ನುತ್ತಾರೆ. ಎರಡು ಸಾವಿರ ವರ್ಷಕ್ಕೂ ಹಳೆಯವು. 2021ರಲ್ಲಿ ಈ ಜಾಗ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಕೆಲವು ಮನೆಯ ಹಾಗೆ ನಿಂತಿವೆ, ಗೋಡೆಯಲ್ಲಿ ದುಂಡನೆಯ ಕಿಂಡಿಯೂ ಇದೆ. ಅವನ್ನು ಯಾರೂ ಮುಟ್ಟುವುದಿಲ್ಲ ಬಿಡಿ. ತೊಂದರೆ ಇರುವುದು ಬಿದ್ದವುಗಳದ್ದು. ಸುಮ್ನೆ ಬಿದ್ದ ಚಪ್ಪಡಿ, ಮೆಟ್ಟಿಲಿಗೆ ಹೇಳಿ ಮಾಡಿಸಿದ ಹಾಗಿದೆ ಎನಿಸುವ ಕಲ್ಲು ಯಾವುದೋ ಸಮಾಧಿಯ ಮುಚ್ಚಳ ಇರಬಹುದು.

ಹಾಗಾಗಿ ಮೇಲಿನ ಭಾಗದಲ್ಲಿ ಸ್ವಯಂಸೇವಕರ ಕೆಲಸ ಎರಡೇ: ಬಾಟಲಿ, ಗುಟ್ಕಾ ಚೀಟಿ ಆರಿಸುವುದು, ಇಲಾಖೆಯವರು ತೋರಿಸಿದ ಮುಳ್ಳು ಕಡಿಯುವುದು. ಅಗೆತ ಬೇಡ, ಬಂಡೆ ಮೇಲೆ ಬಣ್ಣದ ಬಾಣದ ಗುರುತೂ ಬೇಡ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಸ್ಮಾರಕ ಕೆಡಿಸಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಲ್ಲಿ ಬಂಡೆಯೊಂದರ ಮೇಲೆ ಕಲ್ಲಿನ ನಗಾರಿ ಇದೆ. ಬಡಿದು ನೋಡುವ ಆಸೆ ಯಾರಿಗಾದರೂ ಆಗುತ್ತದೆ, ಅದನ್ನೂ ಬಿಟ್ಟುಬಿಡಿ.

ನೀರು ಹೊರಳಿಸುವ ಕೆಲಸ

ಗುದ್ದಲಿ ಹಿಡಿಯುವ ಕೆಲಸ ಇರುವುದು ಇಂಥ ಜಾಗಗಳಿಂದ ದೂರ, ಮಣ್ಣು ಇರುವ ಏರುಗಳಲ್ಲಿ. ಸಂಡೂರಿನ ಕೆಂಪು ಮಣ್ಣಿನ ಗುಡ್ಡಗಳಲ್ಲಿ ಇದು ಇನ್ನೂ ಜಾಸ್ತಿ. ಮಳೆಗಾಲ ಮುಗಿದು ನೆಲ ಹಸಿ ಇರುವಾಗಲೇ ಅಗೆಯಿರಿ. ಏಪ್ರಿಲ್‌ನಲ್ಲಿ ಹಾರೆ ಹಾಕಿದರೆ ಕಿಡಿ ಹಾರುತ್ತದೆ, ಮಣ್ಣು ಏಳುವುದಿಲ್ಲ.

ಅಗೆಯುವ ಮೊದಲು ಕುರಿ ಕಾಯುವ ಹಿರಿಯರೊಬ್ಬರನ್ನು ಕೇಳಿ. "ಯಜ್ಜಾ, ಮಳಿ ಬಂದ್ರ ನೀರು ಯಾ ಕಡಿಯಿಂದ ಹರಿತೈತಿ?" ಎಂದರೆ ಕೋಲು ಚಾಚಿ ತೋರಿಸುತ್ತಾರೆ. ಯಾರೂ ಸಿಗದಿದ್ದರೆ ಒಂದು ಕೊಡ ನೀರು ದಾರಿ ಮೇಲೆ ಸುರಿದು ನೋಡಿ. ಪಕ್ಕಕ್ಕೆ ಇಳಿದು ಹೋದರೆ ದಾರಿ ಚೆನ್ನಾಗಿದೆ. ದಾರಿಯುದ್ದಕ್ಕೂ ಓಡಿದರೆ ಅಲ್ಲಿ ನೀರನ್ನು ಪಕ್ಕಕ್ಕೆ ಹೊರಳಿಸುವ ಒಂದು ಅಡ್ಡಗಲ್ಲಿನ ಸಾಲು ಬೇಕು.

ಸಾಲನ್ನು ದಾರಿಗೆ ನೇರ ಅಡ್ಡ ಇಡಬೇಡಿ. ನೇರ ಇಟ್ಟರೆ ನೀರು ನಿಂತು ಮಣ್ಣು ತುಂಬಿ, ಮುಂದಿನ ಮಳೆಗೆ ಮೇಲಿಂದ ಹಾರಿ ಹೋಗುತ್ತದೆ. ಸುಮಾರು 45 ಡಿಗ್ರಿ ಓರೆ ಇರಲಿ, ಇಳಿಜಾರಿನ ಕಡೆಯ ತುದಿ ಕೆಳಗೆ ಬರುವಂತೆ. ಮೊದಲು ಆ ಗೆರೆಯಲ್ಲಿ ಕಾಲುವೆ ತೋಡಿ. ಕಲ್ಲುಗಳನ್ನು ಒಂದಕ್ಕೊಂದು ಒತ್ತಿ ಕೂರಿಸಿ, ಮೂರರಲ್ಲಿ ಎರಡು ಪಾಲು ನೆಲದೊಳಗೆ ಹೋಗಲಿ. ಸಾಲು ದಾರಿಯ ಎರಡೂ ಅಂಚು ದಾಟಿ ಚಾಚಿರಲಿ, ಇಲ್ಲದಿದ್ದರೆ ನೀರು ತುದಿ ಸುತ್ತಿಕೊಂಡು ಬರುತ್ತದೆ. ಪ್ರತಿ ಕಲ್ಲಿನ ಮೇಲೂ ನಿಂತು ಕುಣಿದು ನೋಡಿ. ಅಲುಗಾಡಿದರೆ ಕಿತ್ತು ಮತ್ತೆ ಕೂರಿಸಿ. ತೋಡಿದ ಮಣ್ಣನ್ನು ಕಲ್ಲಿನ ಕೆಳಬದಿಗೆ ಹಾಕಿ ಕಾಲಿನಿಂದ ದಮ್ಮಸು ಮಾಡಿ. ನೀರು ಹೊರಬೀಳುವ ಕಡೆ ಒಂದು ಹಿಡಿ ಸಣ್ಣ ಕಲ್ಲು ಹರವಿ, ಅಲ್ಲೇ ಹೊಸ ಕೊರಕಲು ಏಳದಿರಲಿ.

ಇದಕ್ಕೆ ಬೇಕಾದ ಕಲ್ಲನ್ನು ಸಡಿಲವಾಗಿ ಬಿದ್ದದ್ದರಲ್ಲೇ ಆರಿಸಿ. ಏರಿನಲ್ಲಿ ಹೂತ ಕಲ್ಲು ಕಿತ್ತರೆ ಆ ಗುಂಡಿಯಿಂದಲೇ ಮಣ್ಣು ಜಾರಲು ಶುರುವಾಗುತ್ತದೆ. ಕಲ್ಲು ಎತ್ತುವಾಗ ಆಚೆ ಅಂಚನ್ನು ಹಿಡಿದು ನಿಮ್ಮ ಕಡೆಗೆ ವಾಲಿಸಿ. ಅಡಿಯಲ್ಲಿ ಚೇಳಿದ್ದರೆ ಅದಕ್ಕೂ ನಿಮಗೂ ನಡುವೆ ಕಲ್ಲು ಇರುತ್ತದೆ. ಉರುಳಿಸುವಾಗ ಕೆಳಗೆ ಯಾರೂ ನಿಲ್ಲಕೂಡದು.

ಬಳ್ಳಾರಿ ಜಾಲಿ

ದಾರಿ ಮುಚ್ಚುವುದರಲ್ಲಿ ಇದನ್ನು ಮೀರಿಸಿದ್ದು ಇಲ್ಲ. ಮೇಲೆ ಮೇಲೆ ಕತ್ತರಿಸಿದರೆ ಒಂದು ಕಾಂಡದ ಜಾಗದಲ್ಲಿ ಹತ್ತು ಚಿಗುರುತ್ತವೆ. ದಾರಿಗೆ ಚಾಚಿದ ಕೊಂಬೆಯಷ್ಟೇ ಆದರೆ ಕುಡುಗೋಲು ಸಾಕು, ಅಗಲ ನಾಲ್ಕು ಅಡಿ ಬಿಡಿಸಿ. ಗಿಡ ದಾರಿಯಲ್ಲೇ ಇದ್ದರೆ ಬುಡ ಬಗೆದು ಒಂದಡಿ ಕೆಳಗೆ ಬೇರು ಕಡಿಯಬೇಕು. ಅರಣ್ಯದಲ್ಲಿ ಇದಕ್ಕೂ ಅನುಮತಿ ಬೇಕು. ಮುಳ್ಳು ಚಪ್ಪಲಿ ತೂರಿ ಪಾದಕ್ಕೇ ಬರುತ್ತದೆ, ದಪ್ಪ ಅಟ್ಟೆಯ ಬೂಟು ಹಾಕಿ. ಕಡಿದ ಮುಳ್ಳನ್ನು ನೀರಿನ ಕಾಲುವೆಗೆ ತುಂಬಬೇಡಿ. ತಿರುವುಗಳಲ್ಲಿ ಜನ ನೆಟ್ಟಗೆ ಇಳಿಯುವ ಒಳದಾರಿ ಮಾಡಿಕೊಂಡಿರುತ್ತಾರಲ್ಲ, ಅದರ ಎರಡೂ ತುದಿಗೆ ಹೊಲದ ಬೇಲಿಗೆ ಹಾಕುವಂತೆ ಹಾಕಿಬಿಡಿ. ಯಾವ ಫಲಕಕ್ಕಿಂತಲೂ ಜನ ಮುಳ್ಳಿನ ಮಾತು ಬೇಗ ಕೇಳುತ್ತಾರೆ.

ಸಾಮಾನು, ಬಿಸಿಲು, ಹಾವು

ಹಾರೆ, ಗುದ್ದಲಿ, ಸಲಿಕೆ, ಕುಡುಗೋಲು, ಬುಟ್ಟಿ, ಕೈಗವಸು. ಹೊಸದೇನೂ ಕೊಳ್ಳಬೇಡಿ, ಊರಲ್ಲಿ ಎರವಲು ಸಿಗುತ್ತವೆ. ಹೆಗಲ ಮೇಲೆ ಹೊರದೆ ಇಳಿಜಾರಿನ ಕಡೆಯ ಕೈಯಲ್ಲಿ ಹಿಡಿದು ನಡೆಯಿರಿ, ಜಾರಿದರೆ ಬಿಟ್ಟುಬಿಡಬಹುದು. ಗುದ್ದಲಿ ಬೀಸುವವರ ನಡುವೆ ಹತ್ತು ಅಡಿ ಅಂತರವಿರಲಿ.

ಈ ಗುಡ್ಡಗಳಲ್ಲಿ ಕರಡಿ, ಚಿರತೆ ಎರಡೂ ಇವೆ. ಚೆನ್ನಾಗಿ ಬೆಳಕಾದ ಮೇಲೆ ಹತ್ತಿ, ಹನ್ನೊಂದಕ್ಕೆ ಇಳಿಯಿರಿ. ಬಂಡೆಗಳಿಗೆ ಹೆಜ್ಜೇನು ಕಟ್ಟಿದ್ದರೆ ಅಂದಿನ ಕೆಲಸ ಬೇರೆ ಕಡೆ. ಬೆಂಕಿ, ಹೊಗೆ, ಸೆಂಟು ಯಾವುದೂ ಬೇಡ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಮಾಡದೆ, ಕಚ್ಚಿಸಿಕೊಂಡವರನ್ನು ನಡೆಸದೆ 108ಕ್ಕೆ ಫೋನ್ ಮಾಡಿ. ಮೇಲೆ ಎಲ್ಲಿ ಸಿಗ್ನಲ್ ಸಿಗುತ್ತದೆ ಎಂದು ಹತ್ತುವಾಗಲೇ ನೋಡಿಟ್ಟುಕೊಳ್ಳಿ. ತಲಾ ಮೂರು ಲೀಟರ್ ನೀರು, ಮೇಲೊಂದಿಷ್ಟು ಮಜ್ಜಿಗೆ.

ಮಳೆ ಬಿದ್ದ ಮೇಲೆ

ಕಟ್ಟಿದ ಸಾಲು ಸರಿಯಿದೆಯೋ ಇಲ್ಲವೋ ಜೂನ್‌ನಲ್ಲಿ ತಿಳಿಯುತ್ತದೆ. ಮೊದಲ ಜೋರು ಮಳೆಯ ಮರುದಿನ ಇಬ್ಬರು ಹೋಗಿ ಬನ್ನಿ. ಎಲೆ, ಕಡ್ಡಿ ಸಾಲಿನ ಕೆಳಗೆ ದಾರಿ ಮೇಲೇ ತಂಗಿದ್ದರೆ ನೀರು ಹಾರಿದೆ ಎಂದರ್ಥ. ಅಲ್ಲಿ ಓರೆ ಸಾಲದು, ಅಥವಾ ನೀರು ಹೊರಗೆ ಹೋಗುವ ಬಾಯಿ ಹೂಳು ತುಂಬಿ ಕಟ್ಟಿದೆ. ಬಾಯಿ ಕಟ್ಟಿದ್ದರೆ ಸಲಿಕೆಯಿಂದ ಹತ್ತು ನಿಮಿಷದ ಕೆಲಸ, ಆಗಲೇ ಮುಗಿಸಿ. ಸಾಲನ್ನೇ ಕಿತ್ತು ಕಟ್ಟುವುದಿದ್ದರೆ ಜಾಗದ ಫೋಟೊ ತೆಗೆದು, ಅನುಮತಿ ಕೊಟ್ಟ ಕಚೇರಿಗೆ ಒಂದು ಪ್ರತಿ ಕಳಿಸಿ, ದೀಪಾವಳಿ ನಂತರದ ಒಂದು ರವಿವಾರಕ್ಕೆ ಹಚ್ಚಿಡಿ.